ಮುಂದಿನ ಚಕ್ರದ ‘ಟಕ್’ ಸದ್ದು: ಜಾಕ್ ಎಲ್ಲಿ ಕೊಟ್ಟಿದ್ದರು?

ನಮಸ್ಕಾರ. 1960ರ ದಶಕದ ನಿಮ್ಮ ಕಾರು ನಿಧಾನವಾಗಿ ಉಬ್ಬು ದಾಟುವಾಗಲೂ ಬ್ರೇಕ್ ಒತ್ತಿದ ಕ್ಷಣದಲ್ಲೂ ಮುಂದಿನ ಎಡಗಡೆಯಿಂದ ‘ಟಕ್’ ಎನ್ನುತ್ತದೆ, ಎರಡೂ ಶಾಕ್ ಅಬ್ಸಾರ್ಬರ್ ಬದಲಿಸಿದರೂ ಸದ್ದು ಹೋಗಿಲ್ಲ, ಗ್ಯಾರೇಜಿನವರು ಚಕ್ರ ಎತ್ತಿ ಅಲ್ಲಾಡಿಸಿ ಎಲ್ಲವೂ ಬಿಗಿಯಾಗಿದೆ ಎಂದರು ಎಂದು ಬರೆದಿದ್ದೀರಿ. ಈ ಕೊನೆಯ ಮಾತೇ ನನಗೆ ಮುಖ್ಯವಾಗಿ ಕಂಡಿತು. ಜಾಕನ್ನು ತಪ್ಪು ಜಾಗದಲ್ಲಿ ಕೊಟ್ಟರೆ ಚೆನ್ನಾಗಿ ಸವೆದ ಬಾಲ್ ಜಾಯಿಂಟ್ (ಚಕ್ರದ ಭಾಗವನ್ನು ಆರ್ಮಿಗೆ ಸೇರಿಸುವ ಗುಂಡು ಕೀಲು) ಕೂಡ ಹೊಸದರಂತೆ ಬಿಗಿಯಾಗಿಯೇ ತೋರುತ್ತದೆ.

ಚಕ್ರವನ್ನು ಚಾಸಿಗೆ, ಅಂದರೆ ಕಾರಿನ ಚೌಕಟ್ಟಿಗೆ, ಸೇರಿಸುವ ಮೇಲಿನ ಮತ್ತು ಕೆಳಗಿನ ಆರ್ಮುಗಳಲ್ಲಿ ಕಾಯಿಲ್ ಸ್ಪ್ರಿಂಗ್ ಯಾವುದರ ಮೇಲೆ ಕುಳಿತಿದೆ ಎಂದು ಮೊದಲು ನೋಡಿ. ಕೆಳಗಿನ ಆರ್ಮಿನ ಮೇಲಿದ್ದರೆ ಕಾರಿನ ಭಾರ ಹೊರುವುದು ಕೆಳಗಿನ ಜಾಯಿಂಟ್. ಚಾಸಿಗೆ ಜಾಕ್ ಕೊಟ್ಟು ಚಕ್ರವನ್ನು ನೇತುಬಿಟ್ಟಾಗ ಸ್ಪ್ರಿಂಗ್ ಆ ಆರ್ಮನ್ನು ಕೆಳಕ್ಕೆ ಒತ್ತುತ್ತಲೇ ಇರುವುದರಿಂದ, ಜಾಯಿಂಟಿನ ಸಡಿಲು ಆ ಒತ್ತಡದಲ್ಲಿ ಅಡಗಿಬಿಡುತ್ತದೆ. ಆದ್ದರಿಂದ ಜಾಕನ್ನು ಕೆಳಗಿನ ಆರ್ಮಿನ ಹೊರತುದಿಗೆ, ಜಾಯಿಂಟಿಗೆ ಆದಷ್ಟು ಹತ್ತಿರ ಕೊಡಬೇಕು. ಆ ಕಾಲದ ಫೋರ್ಡ್ ಮಸ್ಟಾಂಗಿನಂತೆ ಸ್ಪ್ರಿಂಗ್ ಮೇಲಿನ ಆರ್ಮಿನ ಮೇಲಿರುವ ಕಾರುಗಳಲ್ಲಿ ಕ್ರಮ ಬೇರೆ: ಕಾರು ನೆಲದ ಮೇಲಿರುವಾಗಲೇ ಮೇಲಿನ ಆರ್ಮಿಗೂ ಚೌಕಟ್ಟಿಗೂ ನಡುವೆ ಗಟ್ಟಿ ಮರದ ತುಂಡು ಸಿಕ್ಕಿಸಿ, ಆಮೇಲೆ ಚೌಕಟ್ಟಿಗೆ ಜಾಕ್ ಕೊಟ್ಟು ಎತ್ತಬೇಕು. ಎರಡೂ ಸಂದರ್ಭಗಳಲ್ಲಿ ಹಿಂದಿನ ಚಕ್ರಗಳಿಗೆ ಅಡೆ ಕೊಟ್ಟು, ಚಾಸಿಯ ಕೆಳಗೆ ಸ್ಟ್ಯಾಂಡ್ ಇಡದೆ ದಯವಿಟ್ಟು ಕಾರಿನಡಿ ಕೈ ಹಾಕಬೇಡಿ.

ಈಗ ಚಕ್ರದ ಮೇಲ್ತುದಿಯನ್ನೂ ಕೆಳತುದಿಯನ್ನೂ ಹಿಡಿದು ಒಳಕ್ಕೆ ಹೊರಕ್ಕೆ ಅಲ್ಲಾಡಿಸಿ. ಸಡಿಲು ಕಂಡರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಆಗ ಸಡಿಲು ಮಾಯವಾದರೆ ದೋಷ ವೀಲ್ ಬೇರಿಂಗಿನದು, ಉಳಿದರೆ ಬಾಲ್ ಜಾಯಿಂಟಿನದು ಅಥವಾ, ಕೆಲವು ಕಾರುಗಳಲ್ಲಿ ಅದರ ಬದಲು ಇರುವ, ಕಿಂಗ್ ಪಿನ್ನಿನದು. ಬಳಿಕ ಟೈರಿನ ಅಡಿಗೆ ಹಾರೆ ಕೊಟ್ಟು ಮೆಲ್ಲಗೆ ಮೇಲಕ್ಕೆ ಮೀಟಿದರೆ ನೇರವಾದ ಸಡಿಲೂ ಗೊತ್ತಾಗುತ್ತದೆ. ಎಡಬಲ ಹಿಡಿದು ಅಲ್ಲಾಡಿಸಿದಾಗ ಮಾತ್ರ ಸಡಿಲಿದ್ದರೆ ಸ್ಟಿಯರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್‌ಗಳನ್ನೂ ಸ್ಟಿಯರಿಂಗ್ ಬಾಕ್ಸಿನ ಬೋಲ್ಟುಗಳನ್ನೂ ನೋಡಿ.

ಆದರೂ ನನ್ನ ಅನುಮಾನ ಕೆಳಗಿನ ಆರ್ಮಿನ ಒಳತುದಿಯ ರಬ್ಬರ್ ಬುಷ್ಷುಗಳ (ಬೋಲ್ಟಿನ ಸುತ್ತ ಕೂರುವ ರಬ್ಬರ್ ಕೊಳವೆಗಳ) ಮೇಲಿದೆ. ಉಬ್ಬು ಚಕ್ರವನ್ನು ಮೇಲಕ್ಕೂ ಹಿಂದಕ್ಕೂ ತಳ್ಳುತ್ತದೆ, ಬ್ರೇಕ್ ಹಿಂದಕ್ಕೆ ಎಳೆಯುತ್ತದೆ. ಎರಡರಲ್ಲೂ ಸದ್ದು ಬರುತ್ತಿದೆಯೆಂದರೆ ಹಿಂದೆಮುಂದೆ ಆಡುತ್ತಿರುವ ಭಾಗವೊಂದನ್ನು ಹುಡುಕಬೇಕು. ಮುಂದಕ್ಕೆ ಹೋಗುತ್ತಾ ಬ್ರೇಕ್ ಒತ್ತಿದಾಗ ಒಮ್ಮೆ, ರಿವರ್ಸಿನಲ್ಲಿ ಒತ್ತಿದಾಗ ಒಮ್ಮೆ ‘ಟಕ್’ ಎಂದರೆ ಈ ಅನುಮಾನ ಬಲವಾಗುತ್ತದೆ. ಆಗ ಆ ಬುಷ್ಷುಗಳ ಜೊತೆಗೆ, ನಿಮ್ಮ ಕಾರಿನಲ್ಲಿ ಆರ್ಮನ್ನು ಮುಂದಿನಿಂದ ಹಿಡಿದಿಡುವ ಉದ್ದನೆಯ ರಾಡ್ ಇದ್ದರೆ ಅದರ ರಬ್ಬರನ್ನೂ, ಕ್ರಾಸ್ ಮೆಂಬರಿನ (ಚೌಕಟ್ಟಿನ ಅಡ್ಡ ತೊಲೆಯ) ಬೋಲ್ಟುಗಳನ್ನೂ ಪರೀಕ್ಷಿಸಿ. ಬೋಲ್ಟಿನ ಸುತ್ತ ಲೋಹ ಉಜ್ಜಿ ಹೊಳೆಯುತ್ತಿದ್ದರೆ, ಅಥವಾ ಕೆಂಪು ತುಕ್ಕಿನ ಪುಡಿ ಉದುರಿದ್ದರೆ, ಅಲ್ಲಿ ಏನೋ ಅಲುಗಾಡುತ್ತಿದೆ ಎಂದೇ ತಿಳಿಯಿರಿ. ನನ್ನ ಕಾರಿನಲ್ಲಿ ಇಂಥದೇ ಸದ್ದಿಗೆ ಕಾರಣವನ್ನು ತೋರಿಸಿಕೊಟ್ಟದ್ದು ಕ್ರಾಸ್ ಮೆಂಬರಿನ ಒಂದು ವಾಷರಿನ ಅಂಚಿನಲ್ಲಿದ್ದ ಹೊಳೆಯುವ ಗೆರೆ.

ಇಷ್ಟಕ್ಕೆಲ್ಲ ಮುಂಚೆ ಹೊಸ ಶಾಕ್ ಅಬ್ಸಾರ್ಬರುಗಳ ಮೇಲಿನ ನಟ್ಟುಗಳನ್ನೂ, ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಆ್ಯಂಟಿ ರೋಲ್ ಬಾರಿನ ಲಿಂಕುಗಳನ್ನೂ ಒಮ್ಮೆ ನೋಡಿಬಿಡಿ, ಐದು ನಿಮಿಷದ ಕೆಲಸ. ಹಾಗೆಯೇ ಒರಟು ರಸ್ತೆಯಲ್ಲಿ ಬ್ರೇಕನ್ನು ಹಗುರವಾಗಿ ಒತ್ತಿಕೊಂಡೇ ಹೋಗುವಾಗ ಸದ್ದು ನಿಂತರೆ, ಸಡಿಲಾಗಿರುವುದು ಬ್ರೇಕ್ ಪ್ಯಾಡು ಅಥವಾ ಅದನ್ನು ಹಿಡಿದಿರುವ ಕ್ಯಾಲಿಪರ್ ಇರಬಹುದು.

ಬುಷ್ಷುಗಳನ್ನೇ ಬದಲಿಸಬೇಕಾಗಿ ಬಂದರೆ, ಚಕ್ರ ನೇತಾಡುತ್ತಿರುವಾಗ ಅವುಗಳ ಬೋಲ್ಟನ್ನು ಪೂರ್ತಿ ಬಿಗಿಯಬೇಡಿ. ಒಳಗಿನ ಕೊಳವೆಗೆ ಅಂಟಿಕೊಂಡ ರಬ್ಬರ್ ಆ ಸ್ಥಿತಿಯಲ್ಲೇ ಬಂಧಿಯಾಗಿ, ಕಾರನ್ನು ಕೆಳಗಿಳಿಸಿದ ಕೂಡಲೇ ತಿರುಚಿಕೊಳ್ಳುತ್ತದೆ ಮತ್ತು ಬೇಗನೆ ಹರಿಯುತ್ತದೆ. ಬೋಲ್ಟುಗಳನ್ನು ಕೈಬಿಗಿಗೆ ಬಿಟ್ಟು, ಕಾರನ್ನು ಚಕ್ರಗಳ ಮೇಲೆ ನಿಲ್ಲಿಸಿ, ಮುಂಭಾಗವನ್ನು ಎರಡು ಮೂರು ಸಲ ಒತ್ತಿಬಿಟ್ಟು, ಸ್ಪ್ರಿಂಗ್ ತನ್ನ ಸಹಜ ಎತ್ತರಕ್ಕೆ ಕುಳಿತ ನಂತರವೇ ಟಾರ್ಕ್ ಪಾನಾ (ಬಿಗಿತವನ್ನು ಅಳೆದು ತೋರಿಸುವ ಪಾನಾ) ಹಾಕಿ.