ಚರ್ಮದ ಹೆಲ್ಮೆಟ್ ಬಗ್ಗೆ ಬರೆದವರಿಗೆ

ನಮಸ್ಕಾರ,

ನೀವು ಕಳಿಸಿದ ‘ತಲೆಯ ಮೇಲಿನ ಚರಿತ್ರೆ’ ಓದಿದೆ. ಈಗ ಇರುವ ಹಾಗೆ ಅದನ್ನು ಪ್ರಕಟಿಸುವುದಿಲ್ಲ. ಆದರೆ ಇನ್ನೊಮ್ಮೆ ಬರೆದು ಕಳಿಸಿ ಎಂದು ಕೇಳುವುದಕ್ಕೆ ಗಟ್ಟಿಯಾದ ಕಾರಣ ಇದೆ. ಹೊಸದಾಗಿ ಬರೆಯುತ್ತಿರುವ ಬೇರೆಯವರಿಗೂ ಉಪಯೋಗವಾದೀತು ಎಂದು, ನಿಮ್ಮ ಹೆಸರು ಹಾಕದೆ, ಇಲ್ಲಿಯೇ ಉತ್ತರ ಕೊಡುತ್ತಿದ್ದೇನೆ.

ಲೇಖನ ನೋಡದವರಿಗೆ ನಾಲ್ಕು ಮಾತು. ಇವರು ಬೆಲ್ಜಿಯಂನ ಗೆಂಟ್ ಊರಿನಲ್ಲಿ ಕೆಲಸದಲ್ಲಿರುವ ಕನ್ನಡಿಗರು. ಅಲ್ಲಿಯ ಹಳೆ ಸಾಮಾನಿನ ಸಂತೆಯಲ್ಲಿ ಒಂದು ಚರ್ಮದ ಹೆಲ್ಮೆಟ್ ಕೊಂಡಿದ್ದಾರೆ. ಹಿಂದಿನ ಕಾಲದ ಸೈಕಲ್ ರೇಸಿನವರು ಹಾಕುತ್ತಿದ್ದ ಹೆಲ್ಮೆಟ್ ಅದು. ಹಣೆಯ ಸುತ್ತ ಒಂದು ಪಟ್ಟಿ, ಹಣೆಯಿಂದ ಹಿಂದಲೆಯವರೆಗೆ ಹಾಯುವ ಉಬ್ಬಿದ ಕೆಲವು ಪಟ್ಟಿಗಳು, ಗಲ್ಲದ ಕೆಳಗೆ ಬಕಲ್. ಪಟ್ಟಿಗಳ ನಡುವೆ ಏನೂ ಇಲ್ಲ, ಕೂದಲು ಕಾಣುತ್ತದೆ. ಅದನ್ನು ಕೈಯಲ್ಲಿ ಹಿಡಿದು ಇವರು ಆ ಕಾಲವನ್ನು ನೆನೆಯುತ್ತಾರೆ: ಉಣ್ಣೆಯ ಜೆರ್ಸಿ, ಹೆಗಲಿಗೆ ಅಡ್ಡಲಾಗಿ ಸುತ್ತಿಕೊಂಡ ಸ್ಪೇರ್ ಟಯರ್, ಚರ್ಮದ ಸೀಟು, ಬೆಲ್ಜಿಯಂನ ಹೆಸರಾಂತ ಸೈಕಲ್ ರೇಸ್ ಸವಾರ ಎಡ್ಡಿ ಮರ್ಕ್ಸ್. ಆಗಿನವರಿಗೆ ಭಯವೇ ಇರಲಿಲ್ಲ, ಈಗಿನ ಹೆಲ್ಮೆಟ್‌ಗಳಿಗೆ ಜೀವವೇ ಇಲ್ಲ ಎಂದು ಲೇಖನ ಮುಗಿಯುತ್ತದೆ.

ಮೊದಲ ತೊಂದರೆ ಹೇಳುತ್ತೇನೆ. ಹೆಲ್ಮೆಟ್ ನಿಮ್ಮ ಮೇಜಿನ ಮೇಲೇ ಇದೆ. ಆದರೂ ನೀವು ಬರೆದಿರುವುದು ಫೋಟೊಗಳನ್ನು ನೋಡಿ. ‘ಭವ್ಯ’, ‘ಅಮರ’, ‘ಸುವರ್ಣಯುಗ’ — ಇಂಥ ಮಾತುಗಳನ್ನು ಯಾವ ಹಳೆ ವಸ್ತುವಿನ ಬಗ್ಗೆಯಾದರೂ ಬರೆಯಬಹುದು, ಅಲ್ವಾ? ಲೇಖನದಲ್ಲಿ ನಾನು ತಡೆದು ನಿಂತದ್ದು ಒಂದೇ ಕಡೆ. ಒಳಗಿನ ಪಟ್ಟಿ ಬೆವರಿಗೆ ಕಪ್ಪಾಗಿದೆ, ಅದರ ಮೇಲೆ ಯಾರೋ ಇಂಕಿನಲ್ಲಿ ಎರಡು ಅಕ್ಷರ ಬರೆದುಕೊಂಡಿದ್ದಾರೆ ಎನ್ನುತ್ತೀರಿ. ಅಷ್ಟು ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ಲೇಖನ ಶುರುವಾಗಬೇಕಾದದ್ದೇ ಅಲ್ಲಿ. ಆ ಎರಡು ಅಕ್ಷರ ಒಬ್ಬ ಮನುಷ್ಯನದು. ಅವನ ತಲೆಗೆ ಈ ಹೆಲ್ಮೆಟ್ ಏನು ಮಾಡಿತು, ಏನು ಮಾಡಲಿಲ್ಲ? ನೀವು ಹುಡುಕಬೇಕಾದ ವಿಷಯ ಇದು.

ಇದರ ಕೆಲಸ ಏನಿತ್ತು ಎಂದು ಲೇಖನದಲ್ಲಿ ಎಲ್ಲಿಯೂ ಹೇಳಿಲ್ಲ. ಪಟ್ಟಿಗಳ ಒಳಗೆ ಉಣ್ಣೆ, ಕುದುರೆ ಕೂದಲು ಅಥವಾ ಫೋಮ್ ತುಂಬುತ್ತಿದ್ದರು. ರೇಸಿನವನು ಬಿದ್ದು ರಸ್ತೆಯ ಮೇಲೆ ಜಾರಿದರೆ ತಲೆಯ ಚರ್ಮ ಕೀಳದಂತೆ, ಕಿವಿ ತರಚದಂತೆ ಅದು ತಡೆಯುತ್ತಿತ್ತು. ವೆಲೊಡ್ರೋಮ್‌ನ, ಅಂದರೆ ಸೈಕಲ್ ರೇಸಿಗೆಂದೇ ಕಟ್ಟಿದ ಸುತ್ತು ಟ್ರ್ಯಾಕ್‌ನ, ಮರದ ಹಲಗೆಯ ಮೇಲೆ ಬಿದ್ದಾಗ ಸಿಬಿರು ಚುಚ್ಚುವುದನ್ನೂ ಒಂದಿಷ್ಟು ತಪ್ಪಿಸುತ್ತಿತ್ತು. ಇವು ಸಣ್ಣ ಲಾಭಗಳಲ್ಲ. ವಾರಕ್ಕೆ ಹಲವು ಸಲ ರೇಸಿಗೆ ಇಳಿಯುವವನಿಗೆ ತರಚು ಗಾಯವೂ ಕೆಲಸ ಕೆಡಿಸುತ್ತದೆ.

ಆದರೆ ತಲೆ ನೇರವಾಗಿ ಕಲ್ಲಿಗೆ ಬಡಿದರೆ ಆ ಪಟ್ಟಿಗಳಿಂದ ಹೆಚ್ಚೇನೂ ಆಗುತ್ತಿರಲಿಲ್ಲ. ಕಲ್ಲಿನ ಮೇಲೆ ಬಟ್ಟೆ ಮಡಿಸಿಟ್ಟು ತೆಂಗಿನಕಾಯಿ ಕುಕ್ಕಿದರೂ ಕಾಯಿ ಒಡೆಯುತ್ತದಲ್ಲ, ಹಾಗೆ. ತಲೆ ಉಳಿಯಬೇಕಾದರೆ ಅದು ಒಮ್ಮೆಲೇ ನಿಲ್ಲಬಾರದು. ಎರಡು ಮೂರು ಸೆಂಟಿಮೀಟರ್ ದೂರವಾದರೂ ನಿಧಾನವಾಗುತ್ತಾ ಬಂದು ನಿಲ್ಲಬೇಕು. ಈಗಿನ ಹೆಲ್ಮೆಟ್‌ನ ಒಳಗಿರುವ ಥರ್ಮಾಕೋಲ್ ಮಾಡುವ ಕೆಲಸ ಇದೇ. ಪೆಟ್ಟು ಬಿದ್ದಾಗ ಅದು ನುಜ್ಜಾಗುತ್ತದೆ. ತಲೆಗೆ ಹೋಗಬೇಕಾದ ಪೆಟ್ಟಿನ ದೊಡ್ಡ ಪಾಲು ಆ ನುಜ್ಜಾಗುವುದರಲ್ಲೇ ಮುಗಿಯುತ್ತದೆ. ಒಮ್ಮೆ ಜೋರಾಗಿ ಬಿದ್ದ ಮೇಲೆ ಆ ಹೆಲ್ಮೆಟ್ ಬಿಸಾಕಬೇಕು.

ನಿಮ್ಮ ಲೇಖನದ ನಿಜವಾದ ವಿಷಯ ಇಲ್ಲಿದೆ ಎಂದು ನನಗೆ ಅನಿಸುತ್ತದೆ. ಚರ್ಮದ ಹೆಲ್ಮೆಟ್ ಇಷ್ಟು ವರ್ಷ ಉಳಿದು ನಿಮ್ಮ ಕೈಗೆ ಬಂದಿರುವುದು ಅದು ಪೆಟ್ಟನ್ನು ತನ್ನ ಮೇಲೆ ತೆಗೆದುಕೊಳ್ಳಲಿಲ್ಲ ಎನ್ನುವ ಕಾರಣಕ್ಕೂ ಹೌದು. ಕೆಲಸ ಸರಿಯಾಗಿ ಮಾಡಿದ ಥರ್ಮಾಕೋಲ್ ಹೆಲ್ಮೆಟ್ ಕಸದ ಬುಟ್ಟಿಗೆ ಹೋಗುತ್ತದೆ. ಐವತ್ತು ವರ್ಷದ ನಂತರ ಸಂತೆಯಲ್ಲಿ ಅದು ಯಾರಿಗೂ ಸಿಗುವುದಿಲ್ಲ. ಹಾಗಾದರೆ ಯಾವುದಕ್ಕೆ ಜೀವ ಇದೆ, ಯಾವುದಕ್ಕೆ ಇಲ್ಲ? ಈ ಪ್ರಶ್ನೆಯನ್ನು ಎದುರಿಸಿದ ಮೇಲೆ ಆ ಹಳೆ ಹೆಲ್ಮೆಟ್ ಮೇಲಿನ ಪ್ರೀತಿ ಎಷ್ಟು ಉಳಿಯುತ್ತದೋ ಅಷ್ಟನ್ನು ಬರೆಯಿರಿ. ಖಂಡಿತ ಬಹಳ ಉಳಿಯುತ್ತದೆ.

ಇನ್ನು, ಆಗಿನವರಿಗೆ ಭಯ ಇರಲಿಲ್ಲ ಎನ್ನುವ ಮಾತು. ಇದನ್ನು ತೆಗೆಯಲೇಬೇಕು, ಇದು ನಿಜ ಅಲ್ಲ. ಆ ಹೆಲ್ಮೆಟ್ ಹಾಕಿದವರಲ್ಲಿ ಅನೇಕರು ಶೋಕಿಗೆ ಹಾಕಿದವರಲ್ಲ. ಬೆಲ್ಜಿಯಂನ ರೇಸುಗಳಲ್ಲಿ ಅದು ಕಡ್ಡಾಯವಾಗಿತ್ತು, ಅದಕ್ಕೆ ಹಾಕುತ್ತಿದ್ದರು. ಗಡಿ ದಾಟಿ ಫ್ರಾನ್ಸಿಗೆ ಹೋದರೆ ತೆಗೆದಿಟ್ಟು ಬಟ್ಟೆಯ ಟೋಪಿ ಹಾಕಿಕೊಳ್ಳುತ್ತಿದ್ದರು, ಇಲ್ಲವೇ ಬರಿತಲೆಯಲ್ಲೇ ಹೋಗುತ್ತಿದ್ದರು. ಮರ್ಕ್ಸ್ ಈ ಹೆಲ್ಮೆಟ್ ಧರಿಸಿಯೇ ಐದು ಸಲ ಫ್ರಾನ್ಸಿನ ದೊಡ್ಡ ಸೈಕಲ್ ರೇಸಾದ ಟೂರ್ ದ ಫ್ರಾನ್ಸ್ ಗೆದ್ದ ಎಂದು ಬರೆದಿದ್ದೀರಿ. ಟೂರ್‌ನ ಚಿತ್ರಗಳನ್ನು ಇನ್ನೊಮ್ಮೆ ನೋಡಿ. ಬೆಟ್ಟ ಹತ್ತುವ ಮರ್ಕ್ಸ್ ಹೆಚ್ಚಾಗಿ ಬರಿತಲೆಯಲ್ಲೇ ಇದ್ದಾರೆ. ಹೆಲ್ಮೆಟ್ ಹಾಕಿಕೊಂಡ ಮರ್ಕ್ಸ್ ಬೇಕು ಎಂದರೆ 1972ರ ಅಕ್ಟೋಬರ್ 25ಕ್ಕೆ ಹೋಗಿ. ಮೆಕ್ಸಿಕೊ ನಗರದ ವೆಲೊಡ್ರೋಮ್‌ನಲ್ಲಿ ಒಂದೇ ಗಂಟೆಯಲ್ಲಿ 49.431 ಕಿಲೋಮೀಟರ್ ತುಳಿದ ದಿನ ಅದು. ಅವತ್ತು ತಲೆಯ ಮೇಲೆ ಆ ಪಟ್ಟಿಗಳು ಇದ್ದವು. ಆ ಸೈಕಲ್ಲನ್ನು ಬ್ರಸೆಲ್ಸ್‌ನಲ್ಲಿ ಅವರದೇ ಹೆಸರಿನ ಮೆಟ್ರೊ ಸ್ಟೇಷನ್ನಿನಲ್ಲಿ ಇಟ್ಟಿದ್ದಾರೆ. ಗೆಂಟ್‌ನಿಂದ ರೈಲಿನಲ್ಲಿ ಹೋಗಿ ನೋಡಿ ಬನ್ನಿ.

ಭಯದ ಬಗ್ಗೆ ಬರೆಯುವುದಾದರೆ ಅದಕ್ಕೂ ಮೂರು ವರ್ಷ ಹಿಂದೆ ಹೋಗಬೇಕು. 1969ರ ಸೆಪ್ಟೆಂಬರ್, ಫ್ರಾನ್ಸಿನ ಬ್ಲೋವಾ ಊರಿನ ವೆಲೊಡ್ರೋಮ್. ಮರ್ಕ್ಸ್ ಮುಂದೆ ಮೋಟಾರು ಸೈಕಲ್ ಓಡಿಸುತ್ತಾ ಗಾಳಿ ತಡೆಯುತ್ತಿದ್ದವರು ಫೆರ್ನಾಂ ವಾಂಬ್ಸ್ಟ್. ಅಪಘಾತದಲ್ಲಿ ವಾಂಬ್ಸ್ಟ್ ಸತ್ತರು. ಮರ್ಕ್ಸ್ ಪ್ರಜ್ಞೆ ತಪ್ಪಿ ಬಿದ್ದರು, ಸೊಂಟಕ್ಕೂ ಪೆಟ್ಟಾಯಿತು. ಆಮೇಲೆ ಬೆಟ್ಟ ಹತ್ತುವಾಗ ಮೊದಲಿನ ಹಾಗೆ ಆಗಲೇ ಇಲ್ಲ ಎಂದು ಅವರೇ ಹೇಳಿದ್ದಾರೆ. ಅಂಥವರನ್ನು ಭಯವಿಲ್ಲದವರು ಎಂದರೆ ಅವರ ನೋವನ್ನು ಅಳಿಸಿದ ಹಾಗಾಗುತ್ತದೆ. ಗೊತ್ತಿದ್ದೂ ಮತ್ತೆ ಸೈಕಲ್ ಹತ್ತಿದವರು ಅವರು. ಅದನ್ನು ಹೇಳಿ.

ಸತ್ತವರ ಹೆಸರುಗಳೂ ನಿಮ್ಮ ಲೇಖನದಲ್ಲಿ ಇಲ್ಲ. ಇಟಲಿಯ ಹೆಸರಾಂತ ಸವಾರ ಫೌಸ್ತೊ ಕೊಪ್ಪಿಯ ತಮ್ಮ ಸೆರ್ಸೆ ಕೊಪ್ಪಿ 1951ರಲ್ಲಿ ಒಂದು ರೇಸಿನಲ್ಲಿ ಬಿದ್ದು, ಎದ್ದು ಮತ್ತೆ ತುಳಿದು, ಅದೇ ದಿನ ಮೆದುಳಿನಲ್ಲಿ ರಕ್ತಸ್ರಾವವಾಗಿ ತೀರಿಕೊಂಡರು. ಎರಡು ಸಲ ಟೂರ್‌ನಲ್ಲಿ ಮೂರನೇ ಸ್ಥಾನ ಪಡೆದಿದ್ದ ಪೋರ್ಚುಗಲ್‌ನ ಜೊವಾಕಿಂ ಅಗೊಸ್ತಿನ್ಯು 1984ರಲ್ಲಿ ರಸ್ತೆಗೆ ಅಡ್ಡ ಬಂದ ನಾಯಿಯಿಂದ ಬಿದ್ದರು. ತಲೆಯ ಪೆಟ್ಟಿನಿಂದ ಕೆಲವು ದಿನಗಳ ನಂತರ ತೀರಿಕೊಂಡರು. ಅವರ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ.

ಅಷ್ಟು ಹೊತ್ತಿಗೆ ಒಳ್ಳೆಯ ಹೆಲ್ಮೆಟ್ ಬಂದಾಗಿತ್ತು ಎನ್ನುವುದನ್ನು ಗಮನಿಸಿ. ಅಮೆರಿಕದಲ್ಲಿ ಬೆಲ್ ಕಂಪನಿ ಸೈಕಲ್ಲಿಗೆಂದೇ ‘ಬೆಲ್ ಬೈಕರ್’ ತಂದದ್ದು 1975ರಲ್ಲಿ. ಮೇಲೆ ಗಟ್ಟಿ ಚಿಪ್ಪು, ಒಳಗೆ ಥರ್ಮಾಕೋಲ್. 1986ರಲ್ಲಿ ಅಲ್ಲಿಯ ರೇಸುಗಳಲ್ಲಿ ಪರೀಕ್ಷೆಯಾದ ಹೆಲ್ಮೆಟ್ ಕಡ್ಡಾಯವಾಯಿತು. ಚರ್ಮದ ಪಟ್ಟಿಗಳ ಕಾಲ ಅಲ್ಲಿಗೆ ಮುಗಿಯಿತು. ಯೂರೋಪಿನಲ್ಲಿ ಮಾತ್ರ ಜಗಳ ಮುಂದುವರಿಯಿತು. 1991ರಲ್ಲಿ ಸೈಕ್ಲಿಂಗ್‌ನ ಜಾಗತಿಕ ಒಕ್ಕೂಟ ಯುಸಿಐ ಹೆಲ್ಮೆಟ್ ಕಡ್ಡಾಯ ಮಾಡಲು ಹೊರಟಾಗ ಫ್ರಾನ್ಸಿನ ಪಾರಿ-ನೀಸ್ ರೇಸಿನಲ್ಲಿ ಸವಾರರೇ ಮುಷ್ಕರ ಹೂಡಿದರು. ಸೆಖೆ, ಭಾರ, ನನ್ನ ತಲೆ ನನ್ನ ಇಷ್ಟ — ಇವು ಅವರ ಕಾರಣಗಳು. ನಿಯಮ ಹಿಂದೆ ಸರಿಯಿತು. 1992ರ ಒಲಿಂಪಿಕ್ ಚಿನ್ನ ಗೆದ್ದ ಫಾಬಿಯೊ ಕಾಸರ್ತೆಲ್ಲಿ 1995ರ ಜುಲೈ 18ರಂದು ಟೂರ್‌ನಲ್ಲಿ ಪಿರನೀಸ್ ಬೆಟ್ಟದ ಇಳಿಜಾರಿನಲ್ಲಿ ಬಿದ್ದು ಸತ್ತರು. ಬರಿತಲೆ. ಹೆಲ್ಮೆಟ್ ಇದ್ದಿದ್ದರೆ ಉಳಿಯುತ್ತಿದ್ದರೇ ಎಂದು ಆಗ ಬಹಳ ವಾದ ನಡೆಯಿತು, ಆದರೆ ನಿಯಮ ಬದಲಾಗಲಿಲ್ಲ. 2003ರ ಮಾರ್ಚ್‌ನಲ್ಲಿ, ಅದೇ ಪಾರಿ-ನೀಸ್‌ನಲ್ಲಿ, ಕಜಕಸ್ತಾನದ ಆಂಡ್ರೇ ಕಿವಿಲೆವ್ ಬಿದ್ದು ಮಾರನೆಯ ದಿನ ತೀರಿಕೊಂಡರು. ಮೇ ತಿಂಗಳಲ್ಲಿ ನಿಯಮ ಬಂತು. ಆಗಲೂ ಕೊನೆಯ ದೊಡ್ಡ ಏರಿನಲ್ಲಿ ಹೆಲ್ಮೆಟ್ ತೆಗೆಯಲು ಅವಕಾಶ ಇಟ್ಟಿದ್ದರು. ಎಷ್ಟು ಕಷ್ಟಪಟ್ಟು ಒಪ್ಪಿದರು ನೋಡಿ.

ನಿಮ್ಮ ಲೇಖನದ ಜೀವ 1991ರಿಂದ 2003ರವರೆಗಿನ ಈ ಹನ್ನೆರಡು ವರ್ಷಗಳಲ್ಲಿದೆ. ಹಳೆಯದರ ಮೇಲಿನ ಮೋಹ ಮನುಷ್ಯರನ್ನು ಎಲ್ಲಿಯವರೆಗೆ ಕರೆದೊಯ್ಯಿತು ಎನ್ನುವುದು ಇಲ್ಲಿ ಕಾಣುತ್ತದೆ. ಇದನ್ನು ಬಿಟ್ಟು ಹೆಲ್ಮೆಟ್‌ನ ಚೆಲುವನ್ನಷ್ಟೇ ಬರೆದರೆ ನನಗೆ ಸಮಾಧಾನ ಆಗುವುದಿಲ್ಲ.

ಉಳಿದ ಸಾಮಾನುಗಳ ಪ್ಯಾರಾಗಳು ಪಟ್ಟಿಯ ಹಾಗಿವೆ. ಜೆರ್ಸಿ, ಟೋ ಕ್ಲಿಪ್, ಟಯರ್ ಎಲ್ಲವನ್ನೂ ತೆಗೆಯಿರಿ. ಒಂದನ್ನು ಇಟ್ಟುಕೊಳ್ಳಬೇಕೆಂದರೆ ಇಟಲಿಯ ಲೆರೊಯಿಕಾ ಇಟ್ಟುಕೊಳ್ಳಿ. 1997ರಿಂದ ಟಸ್ಕನಿಯ ಗಾಯೊಲೆ ಊರಿನಲ್ಲಿ ಹಳೆ ಸೈಕಲ್ ಪ್ರಿಯರು ಸೇರಿ ಮಣ್ಣಿನ ರಸ್ತೆಯಲ್ಲಿ ಸವಾರಿ ಮಾಡುತ್ತಾರೆ. 1987ಕ್ಕಿಂತ ಹಿಂದಿನ ಮಾದರಿಯ ರೇಸ್ ಸೈಕಲ್ಲೇ ಆಗಬೇಕು, ಗೇರ್ ಲಿವರ್ ಫ್ರೇಮಿನ ಮೇಲೇ ಇರಬೇಕು. ಹಳೆಯದನ್ನು ಪ್ರೀತಿಸಿಯೂ ಅದನ್ನು ಬಳಸುವವರು ಇವರು. ನಿಮ್ಮ ವಾದಕ್ಕೆ ಆಸರೆ ಬೇಕಾದರೆ ಇಲ್ಲಿ ಸಿಗುತ್ತದೆ.

ಅಜ್ಜನ ಅಟ್ಲಾಸ್ ಸೈಕಲ್ಲಿನ ಪ್ಯಾರಾ ಬೇಡ. ಅಜ್ಜ ಹಾಲು ಹಾಕಲು ತುಳಿದ ಸೈಕಲ್ಲಿಗೂ ಮರ್ಕ್ಸ್‌ನ ಹೆಲ್ಮೆಟ್‌ಗೂ ಸಂಬಂಧ ಇಲ್ಲ. ಕನ್ನಡದ ಓದುಗರಿಗೆ ಹತ್ತಿರವಾಗಲಿ ಎಂದು ಸುಮ್ನೆ ಸೇರಿಸಿದ್ದು ಗೊತ್ತಾಗುತ್ತದೆ. ವಿಜಯಪುರ, ಬಾಗಲಕೋಟೆ ಕಡೆ ರೇಸ್ ಸೈಕಲ್ ತುಳಿದು ಬೆಳೆದ ಓದುಗರು ನಮಗಿದ್ದಾರೆ. ಬಿದ್ದರೆ ಹೇಗಿರುತ್ತದೆ ಎಂದು ಅವರಿಗೆ ಗೊತ್ತು. ವಿಷಯ ಸರಿಯಾಗಿ ಹೇಳಿದರೆ ಬೆಲ್ಜಿಯಂ ಅವರಿಗೆ ದೂರವಾಗುವುದಿಲ್ಲ. ಅಜ್ಜನ ಬಗ್ಗೆ ಬೇರೆ ಲೇಖನ ಬರೆಯಿರಿ, ಅದನ್ನೂ ಓದುತ್ತೇನೆ.

ಈಗ ಮಾಡಬೇಕಾದ ಕೆಲಸ. ಗೆಂಟ್‌ನಿಂದ ರೂಸೆಲಾರೆ ಜಾಸ್ತಿ ದೂರವಿಲ್ಲ. ಅಲ್ಲಿ ಸೈಕಲ್ ರೇಸಿನ ಮ್ಯೂಸಿಯಂ ಇದೆ. 1970ರಲ್ಲಿ ವಿಶ್ವ ಚಾಂಪಿಯನ್ ಆಗಿ, ಮರುವರ್ಷ ಮಾರ್ಚ್‌ನಲ್ಲಿ ರೇಸಿನ ನಡುವೆ ಕಾರಿಗೆ ಡಿಕ್ಕಿಯಾಗಿ 22ನೇ ವಯಸ್ಸಿಗೇ ತೀರಿಕೊಂಡ ಜಾನ್-ಪಿಯೆರ್ ಮೊನ್ಸೆರೆಯ ಊರು ಅದು. ಹೆಲ್ಮೆಟ್ ತೆಗೆದುಕೊಂಡು ಹೋಗಿ ಅಲ್ಲಿಯವರಿಗೆ ತೋರಿಸಿ. ಹೊಲಿಗೆ, ಬಕಲ್, ಒಳಗೆ ತುಂಬಿದ್ದು ನೋಡಿ ಯಾವ ಕಾಲದ್ದು ಎಂದು ಹೇಳಬಲ್ಲವರು ಸಿಗಬಹುದು. ಮಾರಿದವನನ್ನೂ ಮತ್ತೆ ಕೇಳಿ, ಯಾರ ಮನೆಯಿಂದ ಬಂತು ಎಂದು. ನಿಮ್ಮೂರಿನ ಕೌಪ್ಕಾ ವೆಲೊಡ್ರೋಮ್‌ನಲ್ಲಿ ಆರು ದಿನದ ರೇಸ್ ನಡೆಯುವಾಗ ಗ್ಯಾಲರಿಯಲ್ಲಿ ಹಳೆಯ ಸವಾರರು ಕೂತಿರುತ್ತಾರೆ. ಅವರಲ್ಲಿ ಒಬ್ಬರ ಕೈಗೆ ಹೆಲ್ಮೆಟ್ ಕೊಡಿ. ಅವರು ಹೇಳಿದ್ದನ್ನು ಬರೆದುಕೊಳ್ಳಿ, ಅವರ ಮಾತಿಗೆ ಬಣ್ಣ ಹಚ್ಚಬೇಡಿ. ಅಕ್ಷರದ ಒಡೆಯ ಸಿಗದಿದ್ದರೂ ಪರವಾಗಿಲ್ಲ. ಹುಡುಕಿದ್ದೇ ಬರಹ ಆಗುತ್ತದೆ.

ಕೊನೆಯದಾಗಿ, ಇದು ಲೇಖನಕ್ಕಿಂತ ದೊಡ್ಡ ವಿಷಯ. ಆ ಹೆಲ್ಮೆಟ್ ಹಾಕಿಕೊಂಡು ಕೊಪ್ಪೆನ್‌ಬರ್ಗ್ ಏರಿದೆ ಎಂದು ಬರೆದಿದ್ದೀರಿ, ಫೋಟೊ ಕೂಡ ಕಳಿಸಿದ್ದೀರಿ. ಕಡಿದಾದ, ಕಲ್ಲು ಹಾಸಿದ ರಸ್ತೆ ಅದು. 1987ರಲ್ಲಿ ಬೆಲ್ಜಿಯಂನ ಫ್ಲಾಂಡರ್ಸ್ ರೇಸಿನಲ್ಲಿ ಮುಂದೆ ಒಬ್ಬನೇ ಇದ್ದ ಯೆಸ್ಪರ್ ಸ್ಕಿಬಿ ಅಲ್ಲಿ ಬಿದ್ದಾಗ ಅಧಿಕಾರಿಗಳ ಕಾರು ಅವನ ಸೈಕಲ್ ಮೇಲೇ ಹತ್ತಿತ್ತು. ಇನ್ನು ಮುಂದೆ ಹಾಗೆ ಹೋಗಬೇಡಿ. ಆ ಚರ್ಮ ಒಣಗಿದೆ, ಹೊಲಿಗೆ ಬೆವರಿನ ಉಪ್ಪಿಗೆ ತಿಂದುಹೋಗಿದೆ ಎಂದು ನೀವೇ ಹೇಳಿದ್ದೀರಿ. ಆ ಫೋಟೊ ನಾವು ಹಾಕುವುದಿಲ್ಲ, ನೋಡಿ ಇನ್ನೊಬ್ಬರು ಹಾಗೇ ಮಾಡಬಾರದು. ಅದರ ಬದಲು ಹೆಲ್ಮೆಟ್ ಮಗುಚಿಟ್ಟು, ಕಿಟಕಿಯ ಬೆಳಕಿನಲ್ಲಿ, ಒಳಪಟ್ಟಿಯ ಅಕ್ಷರ ಓದುವಷ್ಟು ಹತ್ತಿರದಿಂದ ಒಂದು ಚಿತ್ರ ತೆಗೆದು ಕಳಿಸಿ. ಲೇಖನ 1200 ಪದ ಮೀರುವುದು ಬೇಡ. ಆರು ದಿನದ ರೇಸ್ ನವೆಂಬರ್‌ನಲ್ಲಿ ನಡೆಯುತ್ತದೆ, ಅದು ಮುಗಿದ ಮೇಲೆ ಬರೆದರೆ ಸಾಕು. ಅಲ್ಲಿಯವರೆಗೆ ನಿಮ್ಮ ಜಾಗ ಕಾದಿಡುತ್ತೇನೆ.