ಇಷ್ಟು ಬಿಸಿಲಿರೋ ಊರಲ್ಲಿ ನಿನಗೇನು ಕಷ್ಟ?

ಇಲ್ಲಿರುವ ಹೆಸರುಗಳು ನಿಜವಲ್ಲ. ಕೆಲಸದ ಮತ್ತು ಮನೆಯ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದಾರೆ. ಊರಿನ ಹೆಸರನ್ನು ಮಾತ್ರ ಹಾಗೇ ಇಟ್ಟಿದ್ದೇನೆ. ಜಗಳ ಇದ್ದದ್ದೇ ಊರಿನ ಬಗ್ಗೆ.

ಮೊದಲು ಮೇಲ್ ಬರೆದವರು ಗಂಡ, ಪ್ರಶಾಂತ. ಆಸ್ಟ್ರೇಲಿಯಾದ ಪರ್ತ್‌ನಲ್ಲಿದ್ದಾರೆ. "ಮೇಡಂ, ಇಲ್ಲಿ ಎಲ್ಲಾ ಇದೆ. ಒಳ್ಳೆ ಮನೆ, ಮಗಳಿಗೆ ಒಳ್ಳೆ ಸ್ಕೂಲು, ಹೆಚ್ಚುಕಮ್ಮಿ ವರ್ಷಪೂರ್ತಿ ಬಿಸಿಲು, ಕಾರು ಹತ್ತಿದರೆ ಸಮುದ್ರ. ಆದರೂ ನನ್ನ ಹೆಂಡತಿಗೆ ಖುಷಿ ಇಲ್ಲ. ವಾಪಸ್ ಹೋಗೋಣ ಅಂತಾಳೆ. ನೀವಾದರೂ ಅವಳಿಗೆ ತಿಳಿಸಿ ಹೇಳಿ."

ಒಬ್ಬರ ಪರವಾಗಿ ಇನ್ನೊಬ್ಬರಿಗೆ ಬುದ್ಧಿ ಹೇಳುವುದು ಆಪ್ತಸಲಹೆ ಅಲ್ಲ. ಇಬ್ಬರೂ ಬರುವುದಾದರೆ ಮೊದಲು ಒಬ್ಬೊಬ್ಬರ ಜೊತೆ, ಆಮೇಲೆ ಒಟ್ಟಿಗೆ ಕೂತು ಮಾತಾಡೋಣ ಅಂತ ಉತ್ತರ ಬರೆದೆ. ಎಲ್ಲಾ ವಿಡಿಯೋ ಕರೆಯಲ್ಲೇ ನಡೆಯಿತು.

ಹೆಂಡತಿ ರಜನಿ ಮಲೆನಾಡಿನ ಕಡೆಯವರು. ಊರಲ್ಲಿ ಹೈಸ್ಕೂಲಿಗೆ ಗಣಿತ ಹೇಳಿಕೊಡುತ್ತಿದ್ದರು. ಪರ್ತ್‌ಗೆ ಹೋಗಿ ಎರಡು ವರ್ಷ ಆಗುತ್ತಾ ಬಂದಿತ್ತು. ಅವರು ಮಾತು ಶುರು ಮಾಡಿದ್ದು ದೂರಿನಿಂದ ಅಲ್ಲ, ಹೊಗಳಿಕೆಯಿಂದ. "ಊರು ತುಂಬಾ ಚೆನ್ನಾಗಿದೆ ಮೇಡಂ. ಧೂಳಿಲ್ಲ, ಗಲಾಟೆ ಇಲ್ಲ, ಯಾರೂ ನನ್ನ ಜೊತೆ ಕೆಟ್ಟದಾಗಿ ನಡ್ಕೊಂಡಿಲ್ಲ. ಅದಕ್ಕೇ ಅಳೋಕೂ ನಾಚಿಕೆ ಆಗತ್ತೆ."

ಈ ಮಾತನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಾಗಲಿಲ್ಲ. ಪರ್ತ್‌ನಲ್ಲಿ ವರ್ಷಕ್ಕೆ 3,000 ಗಂಟೆಗೂ ಜಾಸ್ತಿ ಬಿಸಿಲು ಬೀಳುತ್ತದೆ. ಆಸ್ಟ್ರೇಲಿಯಾದ ರಾಜಧಾನಿ ನಗರಗಳಲ್ಲೇ ಜಾಸ್ತಿ ಬಿಸಿಲಿನ ಊರು ಅಂತ ಅದಕ್ಕೆ ಹೆಸರು. ಮಳೆ ಬರುವುದು ಮುಖ್ಯವಾಗಿ ಮೇ ತಿಂಗಳಿಂದ ಸೆಪ್ಟೆಂಬರ್ ತನಕ. ಬೇಸಿಗೆಯಲ್ಲಿ ವಾರಗಟ್ಟಲೆ ಮೋಡದ ಸುಳಿವೇ ಇರಲ್ಲ. ರಜನಿ ಹುಟ್ಟಿದ ಊರಲ್ಲಿ ಮಳೆ ಹಿಡಿದರೆ ನಾಲ್ಕು ತಿಂಗಳು ಬಿಡಲ್ಲ. ಅಲ್ಲಿ ಮನಸ್ಸು ಸರಿಯಿಲ್ಲ ಅಂತ ಇಡೀ ದಿನ ಒಳಗೇ ಕೂತರೂ ಯಾರೂ ಯಾಕೆ ಅಂತ ಕೇಳಲ್ಲ. ಇಲ್ಲಿ ಹೊರಗೆ ಬೆಳಕು ಚೆಲ್ಲಿರುವಾಗ ಒಳಗೆ ಸುಮ್ಮನೆ ಕೂತರೆ ಏನೋ ತಪ್ಪು ಮಾಡಿದ ಹಾಗೆ ಅನ್ನಿಸುತ್ತದೆ ಅಂದರು. ದುಃಖಕ್ಕೆ ನೆಪ ಕೊಡದ ಊರು ಅದು. ದುಃಖ ಪಡುವವರಿಗೆ ಇದರಿಂದ ಎಷ್ಟು ಭಾರವಾಗುತ್ತದೆ ಅಂತ ಹೊರಗಿನವರಿಗೆ ಬೇಗ ತಿಳಿಯುವುದಿಲ್ಲ.

ಅತ್ತೆ ಮೂರು ತಿಂಗಳು ಬಂದಿದ್ದರಂತೆ. "ಸ್ವರ್ಗ ಕಣೇ ಇದು. ಇಷ್ಟು ಬಿಸಿಲಿರೋ ಊರಲ್ಲಿ ನಿನಗೇನು ಕಷ್ಟ?" ಅಂದರಂತೆ. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಅವತ್ತಿನಿಂದ ರಜನಿ ತಮ್ಮ ಅಮ್ಮನ ಹತ್ತಿರವೂ ಏನೂ ಹೇಳಿಕೊಳ್ಳುವುದು ಬಿಟ್ಟಿದ್ದರು.

ಇನ್ನು ವಾರಾಂತ್ಯದ ಊಟಗಳು. ಅಲ್ಲಿ ಸೇರುವ ಕನ್ನಡದವರಲ್ಲಿ ಊರಿನ ಬಗ್ಗೆ ಒಬ್ಬೊಬ್ಬರದು ಒಂದೊಂದು ಮಾತು. ಹದಿನೈದು ವರ್ಷದಿಂದ ಇರುವವರು "ನಾವು ಬಂದಾಗ ಕರಿಬೇವಿಗೂ ಪರದಾಟ, ನೀವು ಪುಣ್ಯವಂತರು" ಅಂತಾರೆ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹುಡುಗಿಗೆ ರಾತ್ರಿ ಎಂಟಕ್ಕೆಲ್ಲ ಮಲಗುವ ಈ ಊರೇ ಬೇಡ, ಮೆಲ್ಬರ್ನ್ ಬೇಕು. ಹೊಸ ಮನೆ ಕಟ್ಟಿಸುತ್ತಿರುವವರ ಪ್ರಕಾರ ಸ್ವಂತ ಮನೆ ಆದರೆ ಎಲ್ಲಾ ಸರಿಹೋಗುತ್ತದೆ. ತಂದೆ ತೀರಿಕೊಂಡಾಗ ಹೊತ್ತಿಗೆ ಸರಿಯಾಗಿ ತಲುಪಲಾಗದ ಒಬ್ಬರು ಮಾತ್ರ ಊಟ ಮುಗಿಯುವ ತನಕ ಏನೂ ಹೇಳಲಿಲ್ಲವಂತೆ.

ಇವರಲ್ಲಿ ಯಾರ ಮಾತೂ ಸುಳ್ಳಲ್ಲ. ಒಬ್ಬೊಬ್ಬರ ಮಾತಿನ ಹಿಂದೆಯೂ ಅವರವರ ವೀಸಾ ಇದೆ, ಮಕ್ಕಳ ವಯಸ್ಸಿದೆ, ಊರಲ್ಲಿರುವ ಅಪ್ಪ ಅಮ್ಮನ ಆರೋಗ್ಯ ಇದೆ. ಆದರೆ ಪ್ರಶಾಂತ ಮತ್ತು ರಜನಿ ಈ ಮಾತುಗಳನ್ನು ಮನೆಗೆ ತಂದು ಒಬ್ಬರ ಮೇಲೊಬ್ಬರು ಎಸೆಯುತ್ತಿದ್ದರು. "ಅವರೇ ಹೇಳಿದ್ರಲ್ಲ, ಕೇಳಿಸ್ಕೊಂಡೆಯಾ?" ಅಂತ. ಅದನ್ನು ಪೂರ್ತಿ ನಿಲ್ಲಿಸಿ ಅಂತ ಇಬ್ಬರಿಗೂ ಮೊದಲ ದಿನವೇ ಹೇಳಿದೆ. ನಿಮ್ಮ ಸಂಸಾರದ ಪ್ರಶ್ನೆಗೆ ಊರವರ ವೋಟು ಬೇಕಿಲ್ಲ.

ಈಗ ಪ್ರಶಾಂತ. ಅವರ ಮೇಲ್ ಓದಿದಾಗ ಅವರು ದಿನಾ ಸಂಜೆ ಸಮುದ್ರಕ್ಕೆ ಹೋಗುವವರು ಅಂದುಕೊಳ್ಳಬೇಕು. ಅವರು ಇಂಜಿನಿಯರ್. ಕೆಲಸ ಪರ್ತ್‌ನಿಂದ ಸಾವಿರ ಕಿಲೋಮೀಟರಿಗೂ ಆಚೆ, ಉತ್ತರದ ಪಿಲ್‌ಬರಾದ ಕಬ್ಬಿಣದ ಅದಿರಿನ ಗಣಿಯಲ್ಲಿ. ಅಲ್ಲಿ ಇದಕ್ಕೆ ಫೈಫೋ ಅಂತಾರೆ. ವಿಮಾನದಲ್ಲಿ ಹೋಗುವುದು, ದುಡಿಯುವುದು, ವಿಮಾನದಲ್ಲಿ ವಾಪಸ್ ಬರುವುದು. ಅವರ ರೋಸ್ಟರ್ ಎಂಟು ದಿನ ಗಣಿ, ಆರು ದಿನ ಮನೆ. ಆ ಆರು ದಿನ ಅವರಿಗೆ ರಜೆ. ಕಿಂಗ್ಸ್ ಪಾರ್ಕ್, ಕಾಟ್ಸ್‌ಲೋ ಬೀಚು, ಮಧ್ಯಾಹ್ನ ಸಮುದ್ರದಿಂದ ಬೀಸುವ ಗಾಳಿ. ಆ ಗಾಳಿಗೆ ಅಲ್ಲಿನವರು ಫ್ರೀಮ್ಯಾಂಟಲ್ ಡಾಕ್ಟರ್ ಅಂತಲೇ ಹೆಸರಿಟ್ಟಿದ್ದಾರೆ. ಅವರು ನೋಡಿದ ಪರ್ತ್ ರಜೆಯ ಪರ್ತ್. ರಜನಿಗೆ ಸಿಕ್ಕಿದ್ದು ಹದಿನಾಲ್ಕೂ ದಿನದ ಪರ್ತ್.

ಒಂದು ಮಾಮೂಲಿ ಮಂಗಳವಾರ ಹೇಗೆ ಕಳೆಯಿತು ಅಂತ ಗಂಟೆಗಂಟೆಯ ಲೆಕ್ಕ ಬರೆದು ತನ್ನಿ ಅಂದೆ, ಇಬ್ಬರಿಗೂ. ದೊಡ್ಡ ಭಾವನೆಗಳು ಬೇಡ, ಏನು ಮಾಡಿದಿರಿ ಅಷ್ಟೇ.

ರಜನಿಯ ಹಾಳೆಯಲ್ಲಿ ಹೀಗಿತ್ತು. ಎಂಟೂವರೆಯ ಹೊತ್ತಿಗೆ ಮಗಳನ್ನು ನಡೆಸಿಕೊಂಡು ಹೋಗಿ ಸ್ಕೂಲಿಗೆ ಬಿಟ್ಟೆ. ಒಂಬತ್ತಕ್ಕೆ ವಾಪಸ್. ಸೆಕೆ ಏರುವ ಮೊದಲು ಕಿಟಕಿಗಳ ರೋಲರ್ ಶಟರ್ ಇಳಿಸಿದೆ. ಲೈಟ್ ಹಾಕಿದೆ. ಹತ್ತೂವರೆಗೆ ಅಮ್ಮನಿಗೆ ಫೋನ್, ಅಲ್ಲಿ ಎಂಟು ಗಂಟೆ. ಒಂದು ಗಂಟೆ ಮಾತು. ಮಲಗಿದೆ. ಊಟ ಮಾಡಲಿಲ್ಲ. ಮೂರಕ್ಕೆ ಮಗಳನ್ನು ಕರೆತಂದೆ. ಸಂಜೆ ಏಳಕ್ಕೆ ಇವರ ಕರೆ, "ಬೀಚಿಗಾದ್ರೂ ಹೋಗಿ ಬರಬಾರದಾ?" ಅಂದರು. ರಜನಿಗೆ ಕಾರು ಓಡಿಸಲು ಬರಲ್ಲ. ಅವರ ಬಡಾವಣೆ ನಗರದ ಅಂಚಿನಲ್ಲಿ. ಬೀಚಿಗೆ ಬಸ್ಸು, ರೈಲು, ಮತ್ತೆ ಬಸ್ಸು ಹತ್ತಬೇಕು.

ಪ್ರಶಾಂತರ ಹಾಳೆ: ಬೆಳಗಿನ ಜಾವ ನಾಲ್ಕಕ್ಕೆ ಎದ್ದೆ. ಹನ್ನೆರಡು ಗಂಟೆ ಪಾಳಿ. ಮೆಸ್‌ನಲ್ಲಿ ಊಟ. ಡೋಂಗಾಕ್ಕೆ ಬಂದೆ. ಕ್ಯಾಂಪಿನಲ್ಲಿ ಒಬ್ಬೊಬ್ಬರಿಗೆ ಕೊಡುವ ಪುಟ್ಟ ಕೋಣೆ ಅದು, ಒಂದು ಮಂಚ, ಒಂದು ಏಸಿ. ಮನೆಗೆ ಕರೆ. ಮಗಳು ಆಟದಲ್ಲಿದ್ದಳು, ಮಾತಾಡಲಿಲ್ಲ. ಮುಂದಿನ ವಾರ ಎಲ್ಲಿ ಸುತ್ತೋದು ಅಂತ ಫೋನಿನಲ್ಲಿ ಫೋಟೋ ನೋಡುತ್ತಾ ಮಲಗಿದೆ.

ಒಬ್ಬರ ಹಾಳೆ ಇನ್ನೊಬ್ಬರು ಜೋರಾಗಿ ಓದಬೇಕು ಅಂತ ಹೇಳಿದ್ದೆ. ರಜನಿ ಆ ಕೊನೆಯ ಸಾಲಿಗೆ ಬಂದಾಗ ನಿಂತರು. ಕ್ಯಾಂಪ್ ಹೀಗಿರುತ್ತದೆ ಅಂತ ಪ್ರಶಾಂತ ಯಾವತ್ತೂ ಹೇಳಿರಲಿಲ್ಲ. "ಹೇಳಿದ್ರೆ ನೀನು ಇನ್ನೂ ಬೇಜಾರು ಮಾಡ್ಕೋತೀಯ ಅಂತ" ಅಂದರು. ಆಮೇಲೆ ತಾವೇ ಸೇರಿಸಿದರು: "ಊರೂ ಚೆನ್ನಾಗಿಲ್ಲ ಅಂತಾದ್ರೆ ನಾನು ಅಲ್ಲಿ ಎಂಟು ದಿನ ಯಾಕಿರಬೇಕು?"

ಗಂಟು ಇದ್ದದ್ದು ಇಲ್ಲೇ. ಊರು ಚೆನ್ನಾಗಿರಲೇಬೇಕು ಅಂತ ಪ್ರಶಾಂತ ಹಿಡಿದುಕೊಂಡಿದ್ದರು, ಇಲ್ಲದಿದ್ದರೆ ಪಟ್ಟ ಪಾಡೆಲ್ಲ ದಂಡ. ಹಾಗಾಗಿ ರಜನಿ "ಬೇಜಾರು" ಅಂದರೆ ಸಾಕು, ಅದು ತಮ್ಮ ತೀರ್ಮಾನದ ಮೇಲೆ ಹೊರಿಸಿದ ಆರೋಪದ ಹಾಗೆ ಕೇಳುತ್ತಿತ್ತು. ಅವರು ಉತ್ತರಕ್ಕೆ ಬಿಸಿಲು, ಬೀಚು, ಸ್ಕೂಲು ಎಲ್ಲಾ ತಂದು ಸುರಿಯುತ್ತಿದ್ದರು. ಊರನ್ನು ಹೊಗಳಿದರೆ ಮನುಷ್ಯರ ಸಂಕಟಕ್ಕೆ ಉತ್ತರ ಕೊಟ್ಟ ಹಾಗಾಗಲ್ಲ. ವಲಸೆ ಹೋದ ಮನೆಗಳಲ್ಲಿ ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ, ಪ್ರತಿ ಸಲವೂ ಹೊಟ್ಟೆ ಚುರುಕ್ ಅನ್ನುತ್ತದೆ.

ಊಟ ಬಿಡುವುದು, ಹಗಲು ಮಲಗುವುದು, "ಬೆಳಿಗ್ಗೆ ಏಳೋದು ಯಾಕೆ ಅನ್ನಿಸತ್ತೆ" ಅನ್ನುವುದು, ಇವನ್ನು ಕೇಳಿಸಿಕೊಂಡು ಬರೀ ಮಾತಿನಲ್ಲಿ ಮುಗಿಸಬಾರದು. ಸಾಯುವ ಯೋಚನೆ ಬರುತ್ತದಾ ಅಂತ ನೇರವಾಗಿ ಕೇಳಿದೆ. ಇಲ್ಲ ಅಂದರು. ಆದರೂ ಅಲ್ಲಿನ ಜಿಪಿ, ಅಂದರೆ ಮೊದಲು ನೋಡುವ ಸಾಮಾನ್ಯ ವೈದ್ಯರ ಹತ್ತಿರ ಹೋಗಲು ಹೇಳಿದೆ. ಥೈರಾಯ್ಡ್, ಬಿ12, ವಿಟಮಿನ್ ಡಿ ನೋಡಿಸಲು ಕೇಳಿ ಅಂದೆ. ಡಿ ತುಂಬಾ ಕಡಿಮೆ ಇತ್ತು. ನಮ್ಮ ಮೈಬಣ್ಣಕ್ಕೆ ಡಿ ತಯಾರಾಗಲು ಬಿಳಿ ಚರ್ಮಕ್ಕಿಂತ ಜಾಸ್ತಿ ಹೊತ್ತು ಬಿಸಿಲು ಬೇಕು, ರಜನಿ ಇದ್ದದ್ದು ಶಟರ್ ಇಳಿಸಿದ ಮನೆಯಲ್ಲಿ. ರಿಪೋರ್ಟ್ ನೋಡಿ ಪ್ರಶಾಂತ ಬಹಳ ಹೊತ್ತು ಮಾತಾಡಲಿಲ್ಲ. ಮಾತ್ರೆಯಿಂದ ಒಂಟಿತನ ಹೋಗಲ್ಲ ಅಂತ ಇಬ್ಬರಿಗೂ ಹೇಳಿದೆ. ಆದರೆ ಮೈ ಸೋತಿದ್ದರೆ ಮನಸ್ಸು ಏಳುವುದು ಕಷ್ಟ, ಅದನ್ನು ಮೊದಲು ಸರಿ ಮಾಡಬೇಕು.

ಅಲ್ಲಿರುವ ನಮ್ಮವರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ. ಮೆಡಿಕೇರ್ (ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ) ಇದ್ದವರಿಗೆ ಜಿಪಿ ಮೆಂಟಲ್ ಹೆಲ್ತ್ ಟ್ರೀಟ್‌ಮೆಂಟ್ ಪ್ಲಾನ್ ಬರೆದುಕೊಡಬಹುದು. ಅದರಲ್ಲಿ ವರ್ಷಕ್ಕೆ 10 ಸಲದ ತನಕ ಮನಶ್ಶಾಸ್ತ್ರಜ್ಞರ ಭೇಟಿಗೆ ಸರ್ಕಾರ ಒಂದಷ್ಟು ಹಣ ವಾಪಸ್ ಕೊಡುತ್ತದೆ. ರಜನಿ ಇರುವಂಥ 491 ಅನ್ನುವ ತಾತ್ಕಾಲಿಕ ವೀಸಾದವರಿಗೂ ಮೆಡಿಕೇರ್ ಸಿಗುತ್ತದೆ. ರಾತ್ರಿ ಹೊತ್ತು ತಡೆಯಲಾಗದಿದ್ದರೆ ಲೈಫ್‌ಲೈನ್ ಸಹಾಯವಾಣಿ 13 11 14, ದಿನದ 24 ಗಂಟೆಯೂ ಎತ್ತುತ್ತಾರೆ. ಇಂಗ್ಲಿಷಿನಲ್ಲಿ ಮನಸ್ಸು ಬಿಚ್ಚಲು ಆಗಲ್ಲ ಅನ್ನಿಸಿದರೆ 131 450ಕ್ಕೆ ಫೋನ್ ಮಾಡಿ ದುಭಾಷಿ ಕೇಳಬಹುದು.

ಸಲಹೆಗೆ ಬಂದರೆ, ಪ್ರಶಾಂತರಿಗೆ ನೇರವಾಗಿಯೇ ಹೇಳಿದೆ. ಮುಂದಿನ ಎರಡು ರೋಸ್ಟರ್ ಮುಗಿಯುವ ತನಕ ಊರನ್ನು ಹೊಗಳುವುದು ಬೇಡ. ರಜನಿ ಏನಾದರೂ ಹೇಳಿದರೆ "ಆಮೇಲೆ?" ಅಂತ ಮಾತ್ರ ಕೇಳಿ. ಮನೆಗೆ ಬಂದ ಆರು ದಿನದಲ್ಲಿ ಒಂದು ದಿನ ಸುತ್ತಾಟ ಬಿಟ್ಟು ಕಾರು ಮುಟ್ಟದೆ ರಜನಿಯ ಮಂಗಳವಾರವನ್ನು ನೀವು ಕಳೆಯಿರಿ. ಅವರು ಮಾಡಿದರು. ಮಗಳಿಗೆ ಈಜಿನ ಬಟ್ಟೆ ತರಲು ಬಸ್ಸಿನಲ್ಲಿ ಹೋಗಿ ಬರುವಷ್ಟರಲ್ಲಿ ಅರ್ಧ ದಿನ ಹೋಯಿತಂತೆ.

ರಜನಿಗೆ ಹೇಳಿದ್ದು: ಅಮ್ಮನ ಫೋನ್ ನಿಲ್ಲಿಸಬೇಡಿ, ಆದರೆ ಮನೆಗೆ ಬಂದು ಶಟರ್ ಇಳಿಸಿದ ಮೇಲಿನ ಮೊದಲ ಮಾತು ಅದಾಗುವುದು ಬೇಡ. ಮಗಳನ್ನು ಬಿಟ್ಟು ಬರುವಾಗ ನೇರ ಮನೆಗೆ ಬರದೆ ಅರ್ಧ ಗಂಟೆ ಹೊರಗಿರಿ, ಅಲ್ಲೇ ನಿಲ್ಲುವ ಬೇರೆ ತಾಯಂದಿರಲ್ಲಿ ಒಬ್ಬರ ಜೊತೆಯಾದರೂ ಎರಡು ಮಾತಾಡಿ. ಡ್ರೈವಿಂಗ್ ಕಲಿಯಿರಿ, ಆದರೆ ಗಂಡನಿಂದ ಅಲ್ಲ, ದುಡ್ಡು ಕೊಟ್ಟು ಕಲಿಸುವವರಿಂದ. ಹೀಗಿರುವಾಗ ಗಂಡ ಪಕ್ಕದ ಸೀಟಿನಲ್ಲಿ ಕೂತರೆ ಅದೂ ಒಂದು ಜಗಳ. ಪಾಠ ಹೇಳುವ ಕೆಲಸ ಇಲ್ಲಿಗೆ ಮುಗಿಯಿತು ಅಂತ ಅವರು ನಂಬಿಬಿಟ್ಟಿದ್ದರು, ಯಾರನ್ನೂ ವಿಚಾರಿಸಿಯೇ ಇರಲಿಲ್ಲ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಟೀಚರ್ ಆಗಲು ಅಲ್ಲಿನ ಶಿಕ್ಷಕರ ನೋಂದಣಿ ಮಂಡಳಿಯಲ್ಲಿ ನೋಂದಾಯಿಸಬೇಕು, ಓದಿನ ದಾಖಲೆ ಮತ್ತು ಇಂಗ್ಲಿಷ್ ಪರೀಕ್ಷೆಯ ಅಂಕ ತೋರಿಸಬೇಕು. ಸುಲಭ ಅಲ್ಲ, ಆದರೆ ಬಾಗಿಲು ಮುಚ್ಚಿಲ್ಲ.

ಉಳಿದದ್ದು "ಇರೋದಾ, ಹೋಗೋದಾ?" ಅನ್ನುವ ಪ್ರಶ್ನೆ. ದಿನಾ ರಾತ್ರಿ ಫೋನಿನಲ್ಲಿ ಈ ಪ್ರಶ್ನೆ ಎತ್ತಬೇಡಿ ಅಂದೆ. 491 ವೀಸಾದಲ್ಲಿರುವವರು ಸರ್ಕಾರ ಗುರುತಿಸಿದ ಪ್ರದೇಶಗಳಲ್ಲೇ ಇರಬೇಕು. ಪರ್ತ್ ಆ ಪಟ್ಟಿಯಲ್ಲಿದೆ, ಮೆಲ್ಬರ್ನ್, ಸಿಡ್ನಿ, ಬ್ರಿಸ್ಬೇನ್ ಇಲ್ಲ. ಕಾಯಂ ವಾಸಕ್ಕೆ 191 ವೀಸಾ ಕೇಳಲು ಕಡಿಮೆ ಅಂದರೂ ಮೂರು ವರ್ಷ ಕಳೆಯಬೇಕು. ಈ ಕಟ್ಟು ರಜನಿಗೆ ಜೈಲಿನ ಹಾಗೆ ಕಂಡಿತ್ತು. ಆಗ ಅವರ ಪಕ್ಕದ ಮನೆಯ ಇಂಗ್ಲೆಂಡಿನ ಅಜ್ಜಿಯ ಮಾತು ಬಂತು. ಚಿಕ್ಕವರಿದ್ದಾಗ ಅಪ್ಪ ಅಮ್ಮನ ಜೊತೆ ಹಡಗಿನಲ್ಲಿ ಬಂದವರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಆಸ್ಟ್ರೇಲಿಯಾ ಬ್ರಿಟನ್ನಿನವರನ್ನು ಬರೀ 10 ಪೌಂಡ್ ಟಿಕೆಟ್ಟಿಗೆ ಕರೆಸಿಕೊಳ್ಳುತ್ತಿತ್ತು. ಬಿಸಿಲಿನ ಆಸೆಗೆ ಬಂದವರು ಎಷ್ಟೋ ಜನ. ಎರಡು ವರ್ಷ ಇರಲೇಬೇಕಿತ್ತು, ಮೊದಲೇ ಹೋದರೆ ಪ್ರಯಾಣದ ಖರ್ಚು ಕಟ್ಟಬೇಕಿತ್ತು. ಬಂದವರಲ್ಲಿ ಸುಮಾರು ಕಾಲು ಭಾಗ ವಾಪಸ್ ಹೋದರು, ಹಾಗೆ ಹೋದವರಲ್ಲಿ ಬಹಳ ಜನ ತಿರುಗಿ ಬಂದರು. ತನ್ನ ಅಮ್ಮ ಎರಡು ವರ್ಷ ದಿನಾ ಅಡುಗೆಮನೆಯಲ್ಲಿ ಅಳುತ್ತಿದ್ದರು ಅಂತ ಅಜ್ಜಿ ಹೇಳಿದ್ದರಂತೆ. ಅದೇ ಭಾಷೆ, ಅದೇ ಧರ್ಮದವರಿಗೇ ಹಾಗಾಗಿತ್ತು. ಇದನ್ನು ಕೇಳಿ ರಜನಿಯ ಮುಖ ಸ್ವಲ್ಪ ಸಡಿಲವಾಯಿತು, ತಮ್ಮಲ್ಲೇ ಏನೋ ಕೊರತೆ ಅನ್ನುವ ಭಾರ ಇಳಿದದ್ದು ಕಂಡಿತು.

ಮೂರು ವರ್ಷ ತುಂಬುವ ತಿಂಗಳನ್ನೇ ತೀರ್ಮಾನದ ತಿಂಗಳು ಅಂತ ಇಟ್ಟುಕೊಂಡಿದ್ದಾರೆ. ಅಲ್ಲಿಯ ತನಕ ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಬರೆಯಬೇಕು: ಪರ್ತ್‌ನಲ್ಲೇ ಇದ್ದರೆ ಏನು ಕಳೆದುಕೊಳ್ಳುತ್ತೇನೆ, 191 ಬಂದ ಮೇಲೆ ಬೇರೆ ನಗರಕ್ಕೆ ಹೋದರೆ ಏನು, ಊರಿಗೆ ವಾಪಸ್ ಬಂದರೆ ಏನು. ಗಳಿಸುವುದನ್ನು ಯಾರು ಬೇಕಾದರೂ ಪಟ್ಟಿ ಮಾಡುತ್ತಾರೆ, ಕಳೆದುಕೊಳ್ಳುವುದನ್ನು ಬರೆದಾಗ ನಿಜ ಹೊರಗೆ ಬರುತ್ತದೆ. ಈಗಿನ ಮಟ್ಟಿಗೆ ರಜನಿ ಎರಡನೇ ಸಲಕ್ಕೆ ಡ್ರೈವಿಂಗ್ ಪರೀಕ್ಷೆ ಪಾಸಾಗಿದ್ದಾರೆ, ಇಂಗ್ಲಿಷ್ ಪರೀಕ್ಷೆಗೆ ಓದುತ್ತಿದ್ದಾರೆ, ವಾಪಸ್ ಹೋಗಬೇಕು ಅನ್ನುವುದನ್ನು ಇನ್ನೂ ಬಿಟ್ಟಿಲ್ಲ. ಬಿಡಬೇಕು ಅಂತ ನಾನೂ ಹೇಳಿಲ್ಲ. ಪ್ರಶಾಂತ ಸಂಬಳ ಕಡಿಮೆಯಾದರೂ ಪರ್ತ್‌ನಲ್ಲೇ ಸಿಗುವ ಕೆಲಸ ಹುಡುಕುತ್ತಿದ್ದಾರೆ. ತಮ್ಮ ಹಾಳೆಯಲ್ಲಿ ಪರ್ತ್‌ನಲ್ಲೇ ಇದ್ದರೆ ಅನ್ನುವುದರ ಕೆಳಗೆ ಅವರು "ಅಪ್ಪನ ಕೊನೆಯ ವರ್ಷಗಳು" ಅಂತ ಬರೆದಿದ್ದಾರೆ. ಮುಂದಿನ ಭೇಟಿಯಲ್ಲಿ ಅದನ್ನು ರಜನಿಗೆ ತಾವೇ ಓದಿ ಹೇಳುತ್ತೇನೆ ಅಂದಿದ್ದಾರೆ.