ಠಾಣೆಗೆ ಹೊಸಬರು ಬಂದಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಅತ್ತೆಯವರಿಗೆ ಹಿಂದಿ ಅಷ್ಟಾಗಿ ಬರುವುದಿಲ್ಲ, ಆದರೂ ಎಷ್ಟೋ ವರ್ಷಗಳಿಂದ ‘ಸಿಐಡಿ’ ಧಾರಾವಾಹಿಯನ್ನು ನೋಡದೆ ಬಿಟ್ಟವರಲ್ಲ. 2025ರ ಏಪ್ರಿಲ್‌ನಲ್ಲಿ ಎಸಿಪಿ ಪ್ರದ್ಯುಮ್ನ ಸತ್ತರೆಂದು ತೋರಿಸಿ ಆ ಕುರ್ಚಿಗೆ ಹೊಸ ಅಧಿಕಾರಿಯನ್ನು ತಂದಾಗ, ಅವರು ಎರಡು ವಾರ ಟೀವಿಯ ಕಡೆ ತಿರುಗಿಯೂ ನೋಡಲಿಲ್ಲ. ಸಂಸಾರದ ಧಾರಾವಾಹಿಗಳಲ್ಲಿ ಸೊಸೆಯ ಪಾತ್ರಧಾರಿ ಬದಲಾದರೆ ಇದೇ ಅತ್ತೆ ನಾಲ್ಕು ದಿನದಲ್ಲಿ ಹೊಂದಿಕೊಳ್ಳುತ್ತಾರೆ. ಇದೇಕೆ ಹೀಗೆ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಸಂಸಾರದ ಕಥೆಯಲ್ಲಿ ಸೊಸೆಯನ್ನು ಬೇರೆ ಊರಿಗೆ ವರ್ಗ ಮಾಡಲಾಗದು. ಆದ್ದರಿಂದ ಪರದೆಯ ಮೇಲೆ ಒಂದು ಸಾಲಿನ ಸೂಚನೆ ಹಾಕಿ ಅದೇ ಹೆಸರಿಗೆ ಬೇರೆ ಮುಖವನ್ನು ತರುತ್ತಾರೆ, ನಾವೂ ಒಪ್ಪಿಕೊಳ್ಳುತ್ತೇವೆ. ಪೊಲೀಸ್ ಕಥೆಗೆ ಈ ಕಷ್ಟವಿಲ್ಲ, ಏಕೆಂದರೆ ಅಲ್ಲಿ ವರ್ಗಾವಣೆ ಸಹಜ. ನಿಮ್ಮೂರಿನ ಠಾಣೆಗೆ ಹೊಸ ಪಿಎಸ್‌ಐ ಬಂದು ಹೋಗುವುದನ್ನು ಅತ್ತೆಯವರು ಎಷ್ಟು ಸಲ ಕಂಡಿಲ್ಲ! ಹಳೆಯ ಹೆಡ್ ಕಾನ್‌ಸ್ಟೇಬಲ್ ಅದೇ ಮೇಜಿನ ಹಿಂದೆ ಕುಳಿತಿದ್ದರೆ ಊರವರಿಗೆ ಠಾಣೆ ಪರಕೀಯ ಎನಿಸುವುದಿಲ್ಲ. ಧಾರಾವಾಹಿಯಲ್ಲಿಯೂ ಹೊಸಬರನ್ನು ಬರಮಾಡಿಕೊಳ್ಳಲು ಅಂಥ ಹಳಬರೊಬ್ಬರು ಇರಬೇಕು.

1998ರ ಜನವರಿಯಲ್ಲಿ ಆರಂಭವಾಗಿ 2018ರವರೆಗೆ ನಡೆದ ‘ಸಿಐಡಿ’ಯಲ್ಲಿ ಎಷ್ಟೋ ಇನ್‌ಸ್ಪೆಕ್ಟರುಗಳು ಬಂದರು, ಹೋದರು. ಶಿವಾಜಿ ಸಾಟಂ ಅವರ ಪ್ರದ್ಯುಮ್ನ, ಆದಿತ್ಯ ಶ್ರೀವಾಸ್ತವ ಅವರ ಅಭಿಜಿತ್ ಮತ್ತು ನಮ್ಮ ಘಟ್ಟದ ಕೆಳಗಿನ ಕಟಪಾಡಿ ಮೂಲದ ದಯಾನಂದ ಶೆಟ್ಟಿ ಅವರ ದಯಾ ತಮ್ಮ ತಮ್ಮ ಜಾಗದಲ್ಲಿ ಇದ್ದುದರಿಂದ ನೋಡುಗರು ಕಳವಳಗೊಳ್ಳಲಿಲ್ಲ. 2024ರ ಡಿಸೆಂಬರ್‌ನಲ್ಲಿ ಧಾರಾವಾಹಿ ಮರಳಿ ಆರಂಭವಾದ ಮೇಲೆ, 2025ರಲ್ಲಿ ಅಲುಗಿದ್ದು ಆ ಮೂಲ ಕಂಬವೇ. ಹೊಸ ಅಧಿಕಾರಿಯಾಗಿ ಬಂದ ಪಾರ್ಥ್ ಸಮಥಾನ್ ಅವರ ಅಭಿನಯದಲ್ಲಿ ನಾನು ದೋಷ ಕಾಣಲಾರೆ. ಹಳಬರಿಗಾಗಿ ಅಳಲು ನಮಗೆ ಸಾಕಷ್ಟು ಸಮಯ ಸಿಗುವ ಮೊದಲೇ ಹೊಸಬರನ್ನು ಆ ಕುರ್ಚಿಯಲ್ಲಿ ಕೂರಿಸಿದ್ದು ತಪ್ಪು. ಆಮೇಲೆ ಪ್ರದ್ಯುಮ್ನರನ್ನೇ ಮರಳಿ ಕರೆತಂದದ್ದು ನಿಮ್ಮ ಅತ್ತೆಯವರಿಗೆ ಸಂತೋಷ ತಂದಿರಬಹುದು, ಆದರೆ ಸತ್ತರೆಂದು ತೋರಿಸಿದವರು ಹೀಗೆ ಎದ್ದು ಬಂದರೆ ಮುಂದೆ ಆ ಕಥೆಯಲ್ಲಿ ಯಾವ ಅಪಾಯವನ್ನೂ ನಾವು ನಿಜವೆಂದು ನಂಬುವುದು ಕಷ್ಟ.

ಹೊಸಬರನ್ನು ಬರಮಾಡಿಕೊಳ್ಳುವ ಕೆಲಸವನ್ನು ತಾಳ್ಮೆಯಿಂದ ಮಾಡಿದ್ದು ಅಮೆರಿಕದ ಪೊಲೀಸ್ ಧಾರಾವಾಹಿ ‘ಎನ್‌ವೈಪಿಡಿ ಬ್ಲೂ’. 1993ರಲ್ಲಿ ಆರಂಭವಾದ ಆ ಧಾರಾವಾಹಿಯ ನಾಯಕ ಡೇವಿಡ್ ಕರೂಸೊ ಮರುವರ್ಷವೇ ಹೊರನಡೆದು, ಜಿಮ್ಮಿ ಸ್ಮಿಟ್ಸ್ ಬಂದರು. ಡೆನ್ನಿಸ್ ಫ್ರಾಂಜ್ ಅಭಿನಯಿಸಿದ ಹಳೆಯ ಪತ್ತೇದಾರ ಸಿಪೊವಿಟ್ಜ್ ಈ ಹೊಸ ಜೊತೆಗಾರನನ್ನು ಮೊದಲು ಒಪ್ಪುವುದೇ ಇಲ್ಲ. ನೋಡುಗರ ಮುನಿಸನ್ನೇ ಆ ಪಾತ್ರಕ್ಕೆ ಕೊಟ್ಟು, ಅವನ ಮನಸ್ಸು ನಿಧಾನವಾಗಿ ಕರಗುವುದನ್ನೇ ಕಥೆಯಾಗಿ ಬೆಳೆಸಿದರು. ಅವನ ಜೊತೆಗೆ ನಾವೂ ಕರಗಿದೆವು. 2005ರಲ್ಲಿ ಮುಗಿಯುವಷ್ಟರಲ್ಲಿ ಅವನ ಮುಖ್ಯ ಜೊತೆಗಾರರು ನಾಲ್ವರಾಗಿದ್ದರು. ಫ್ರಾಂಜ್ ಮಾತ್ರ ಮೊದಲಿನಿಂದ ಕೊನೆಯವರೆಗೂ ಇದ್ದರು.

ಪ್ರಶ್ನೆ: ಮೊದಲಿನವರು ಒಬ್ಬರೂ ಉಳಿಯದಿದ್ದರೂ ಧಾರಾವಾಹಿ ನಡೆಯುವುದುಂಟೇ?
– ಓದುಗರೊಬ್ಬರು, ಸಾಗರ

ಉತ್ತರ: ಉಂಟು. 1990ರಲ್ಲಿ ಆರಂಭವಾದ ಅಮೆರಿಕದ ‘ಲಾ ಅಂಡ್ ಆರ್ಡರ್’ ಧಾರಾವಾಹಿಯ ಮೊದಲ ವರ್ಷದ ಆರು ಮುಖ್ಯ ಕಲಾವಿದರಲ್ಲಿ 2000ದ ನಂತರ ಒಬ್ಬರೂ ಇರಲಿಲ್ಲ. ಅರ್ಧ ಕಂತು ಪೊಲೀಸರ ತನಿಖೆ, ಇನ್ನರ್ಧ ನ್ಯಾಯಾಲಯದ ವಾದ ಎಂಬ ಚೌಕಟ್ಟು ಗಟ್ಟಿಯಾಗಿದ್ದುದರಿಂದ ಅದು 2010ರವರೆಗೂ ನಡೆಯಿತು, 2022ರಲ್ಲಿ ಮತ್ತೆ ಆರಂಭವಾಯಿತು. ಎಲ್ಲರೂ ಒಟ್ಟಿಗೆ ಹೋಗಲಿಲ್ಲ ಎಂಬುದನ್ನೂ ಗಮನಿಸಬೇಕು. ನಿಮ್ಮ ಪಕ್ಕದ ಹೆಗ್ಗೋಡಿನ ನೀನಾಸಂ ‘ತಿರುಗಾಟ’ದಲ್ಲಿ ನಟರು ಬದಲಾಗುತ್ತ ಹೋದರೂ ನೀವು ಅದೇ ನಂಬಿಕೆಯಿಂದ ನಾಟಕಕ್ಕೆ ಹೋಗುತ್ತೀರಲ್ಲವೇ?

ಪ್ರಶ್ನೆ: ಕಲಾವಿದರೇ ತೀರಿಕೊಂಡರೆ ಆ ಪಾತ್ರವನ್ನು ಏನು ಮಾಡಬೇಕು?
– ಓದುಗರೊಬ್ಬರು, ಹೊಸನಗರ

ಉತ್ತರ: ಆ ಪಾತ್ರವನ್ನು ಅವರೊಂದಿಗೇ ಬಿಟ್ಟುಕೊಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಸ್ಕಾಟ್ಲೆಂಡಿನ ‘ಟ್ಯಾಗರ್ಟ್’ ಧಾರಾವಾಹಿಯಲ್ಲಿ ಅದೇ ಹೆಸರಿನ ಪತ್ತೇದಾರನಾಗಿದ್ದ ಮಾರ್ಕ್ ಮೆಕ್‌ಮ್ಯಾನಸ್ 1994ರಲ್ಲಿ ನಿಧನರಾದರು. ಆ ಪಾತ್ರಕ್ಕೆ ಬೇರೆ ನಟರನ್ನು ತರದೆ, ಕಿರಿಯ ಅಧಿಕಾರಿಗಳೇ ಕೆಲಸ ಮುಂದುವರಿಸುವಂತೆ ಮಾಡಿ, 2010ರವರೆಗೂ ಹಳೆಯ ಹೆಸರನ್ನೇ ಉಳಿಸಿಕೊಂಡರು. ‘ಸಿಐಡಿ’ಯ ಫ್ರೆಡರಿಕ್ಸ್ ಆಗಿ ನಮ್ಮನ್ನು ನಗಿಸಿದ ದಿನೇಶ್ ಫಡ್ನಿಸ್ 2023ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಒಂದು ವರ್ಷದ ನಂತರ ಧಾರಾವಾಹಿ ಮರಳಿ ಬಂದಾಗ ನನ್ನ ಕಣ್ಣು ಮೊದಲು ಹುಡುಕಿದ್ದು ಅವರನ್ನೇ.